ತಕ್ಕಡಿ ಇಲ್ಲದೆ ಧ್ರುವದ ಹಿಮ ತೂಗೋದು ಹೇಗೆ? ದಿನಾ ಲಾರಿ ತೂಗುವವನ ಪ್ರಶ್ನೆ

ತೂಕದ ಕಟ್ಟೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನದು ದಾವಣಗೆರೆಯಲ್ಲಿ ಒಂದು ವೇ ಬ್ರಿಡ್ಜ್. ಸೀಸನ್ ಬಂತು ಅಂದ್ರೆ ಮೆಕ್ಕೆಜೋಳದ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಉಳಿದ ದಿನ ಭತ್ತ, ಜಲ್ಲಿ, ಹತ್ತಿ. ಈ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷ ದಾಟಿತು. ಮೊನ್ನೆ ಒಂಬತ್ತನೇ ಕ್ಲಾಸಿನ ಮಗ ಬಂದು ಕೇಳಿದ: "ಅಪ್ಪಾ, ಗ್ರೀನ್‌ಲ್ಯಾಂಡ್‌ನಲ್ಲಿ ವರ್ಷಕ್ಕೆ 270 ಗಿಗಾಟನ್ ಹಿಮ ಹೋಗ್ತಿದೆಯಂತೆ. ಅದನ್ನ ಯಾರು ತೂಗಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ತೂಕ ಅಂದ್ರೆ ಎರಡು ಸಲ ತೂಗಬೇಕು. ತುಂಬಿದ ಲಾರಿ ಗ್ರಾಸ್, ಖಾಲಿ ಲಾರಿ ಟೇರ್, ಕಳೆದರೆ ಮಾಲಿನ ನೆಟ್. ಟೇರ್ ತಪ್ಪಿದರೆ ನೆಟ್ ತಪ್ಪಿತು ಅಂತಲೇ ಲೆಕ್ಕ. ಒಂದು ಸಲ ಅವಸರದಲ್ಲಿ ಡ್ರೈವರ್ ಬಾಯಲ್ಲಿ ಹೇಳಿದ ಹಳೇ ಟೇರ್ ನಂಬಿ ಚೀಟಿ ಬರೆದುಬಿಟ್ಟೆ. ಆ ಲಾರಿಗೆ ಹೊಸ ಬಾಡಿ ಕಟ್ಟಿಸಿದ್ದರು, 400 ಕೆಜಿ ಜಾಸ್ತಿ ಆಗಿತ್ತು. ಕೊಂಡವರಿಗೆ ಅಷ್ಟು ಜೋಳದ ದುಡ್ಡು ಸುಮ್ನೆ ಹೋಯಿತು. ಅದನ್ನು ನಾನೇ ತುಂಬಿಕೊಟ್ಟೆ. ಅವತ್ತಿನಿಂದ ಖಾಲಿ ಲಾರಿ ಕಾಟಾ ಹತ್ತದೆ ಒಂದು ಚೀಟಿಯನ್ನೂ ಕೊಟ್ಟಿಲ್ಲ.

ಗ್ರೀನ್‌ಲ್ಯಾಂಡನ್ನು ಖಾಲಿ ಮಾಡಿಸಿ ಟೇರ್ ತೆಗೆಯೋಕೆ ಆಗಲ್ಲ ಅಲ್ವಾ? ಉಪಗ್ರಹ ಮೇಲಿದೆ, ಹಿಮ ಕೆಳಗಿದೆ. ಫೋಟೋ ತೆಗೆದರೆ ಅಗಲ ಗೊತ್ತಾಗುತ್ತದೆ. ತೂಕ ಎಲ್ಲಿಂದ ಬಂತು? ಗೊತ್ತಿದ್ದವರು ಬಿಡಿಸಿ ಹೇಳಿ. ಮಗನಿಗೆ ನನ್ನ ಬಾಯಿಂದಲೇ ಹೇಳಬೇಕು ಅಂತ ಆಸೆ.

ಕುಂದುವಾಡ ಕೆರೆ ದಂಡೆ

ಅಣ್ಣ, ನಾನು ಇಲ್ಲೇ ಫಿಸಿಕ್ಸ್ ಎಂಎಸ್ಸಿ ಓದುತ್ತಿದ್ದೇನೆ. ನನ್ನ ಪ್ರಾಜೆಕ್ಟ್ ಇದೇ ವಿಷಯದ ಮೇಲೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಿಮ ತೂಗುವ ಉಪಗ್ರಹ ನಿಜವಾಗಿಯೂ ಇದೆ. ಹೆಸರು ಗ್ರೇಸ್. ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಸೇರಿ 2002ರ ಮಾರ್ಚ್ 17ರಂದು ಹಾರಿಸಿದವು. ಅದು ಒಂದಲ್ಲ, ಜೋಡಿ. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್. ಚಿತ್ರದುರ್ಗದಿಂದ ಬೆಂಗಳೂರಿಗೆ ಇರುವ ರಸ್ತೆಗಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. ನೆಲದಿಂದ ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಎರಡೂ ಧ್ರುವಗಳ ಮೇಲೆ ಸುತ್ತು ಹಾಕುತ್ತಿದ್ದವು. 2018ರಿಂದ ಅದೇ ಕೆಲಸಕ್ಕೆ ಅಂಥದ್ದೇ ಹೊಸ ಜೋಡಿ ಇದೆ.

ವಿಶೇಷ ಏನು ಅಂದ್ರೆ, ಅವು ಕೆಳಗೆ ನೋಡಿ ಫೋಟೋ ತೆಗೆಯುವುದಿಲ್ಲ. ಒಂದು ಇನ್ನೊಂದನ್ನು ನೋಡುತ್ತಾ ನಡುವಿನ ಅಂತರವನ್ನು ಮೈಕ್ರೋವೇವ್‌ನಿಂದ ಬಿಡದೆ ಅಳೆಯುತ್ತಿರುತ್ತವೆ. ಕೆಳಗೆ ಎಲ್ಲಿ ಭಾರ ಜಾಸ್ತಿಯೋ ಅಲ್ಲಿ ಭೂಮಿಯ ಸೆಳೆತವೂ ಒಂದು ಚೂರು ಜಾಸ್ತಿ. ಮುಂದಿನ ಉಪಗ್ರಹ ಹಿಮದ ರಾಶಿಯ ಹತ್ತಿರ ಬಂದಾಗ ರಾಶಿ ಅದನ್ನು ಮುಂದಕ್ಕೆ ಎಳೆಯುತ್ತದೆ, ಅಂತರ ಹಿಗ್ಗುತ್ತದೆ. ಅದು ದಾಟಿದ ಮೇಲೆ ರಾಶಿ ಅದನ್ನು ಹಿಂದಕ್ಕೆ ಜಗ್ಗುತ್ತದೆ, ಅಷ್ಟರಲ್ಲಿ ಹಿಂದಿನದು ಹತ್ತಿರ ಬಂದು ಮುಂದಕ್ಕೆ ಎಳೆಸಿಕೊಳ್ಳುತ್ತದೆ, ಅಂತರ ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಹಿಡಿಯುವುದು ಮೈಕ್ರಾನ್ ಲೆಕ್ಕದಲ್ಲಿ. ಒಂದು ತಲೆಕೂದಲೇ ಹತ್ತಿರ ಹತ್ತಿರ 70 ಮೈಕ್ರಾನ್ ದಪ್ಪ ಇರುತ್ತದೆ, ಇವು 220 ಕಿಲೋಮೀಟರ್ ದೂರದಿಂದ ಅದಕ್ಕಿಂತ ಎಷ್ಟೋ ಸಣ್ಣ ವ್ಯತ್ಯಾಸವನ್ನು ಹಿಡಿಯುತ್ತವೆ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ತೆಳು ಗಾಳಿ ತಗುಲಿಯೂ ವೇಗ ಬದಲಾಗುತ್ತದೆ. ಅದನ್ನು ಅಳೆಯೋಕೆ ಒಳಗೆ ಬೇರೆ ಉಪಕರಣ ಇದೆ. ಆ ಪಾಲನ್ನು ಕಳೆಯುತ್ತಾರೆ. ಸಮುದ್ರದ ಉಬ್ಬರ ಇಳಿತ, ವಾತಾವರಣದ ಗಾಳಿಯ ಭಾರ, ಇವನ್ನೂ ಲೆಕ್ಕ ಹಾಕಿ ಕಳೆಯುತ್ತಾರೆ. ತಿಂಗಳಿಡೀ ಸುತ್ತಿ ಬಂದ ಅಳತೆ ಸೇರಿಸಿದರೆ ಇಡೀ ಭೂಮಿಯ ಸೆಳೆತದ ಒಂದು ನಕ್ಷೆ. ಮುಂದಿನ ತಿಂಗಳು ಇನ್ನೊಂದು. ಎರಡರ ವ್ಯತ್ಯಾಸವೇ ಹೋದ ಹಿಮ, ಬಂದ ಹಿಮ.

ಹಾಗಾಗಿ ಅಣ್ಣ, ಇಲ್ಲಿ ನೆಟ್ ಯಾರೂ ಕೇಳುತ್ತಿಲ್ಲ. ಲಾರಿ ಖಾಲಿ ಮಾಡದೆ ಪ್ರತಿ ತಿಂಗಳು ಗ್ರಾಸ್ ಮಾತ್ರ ತೂಗುತ್ತಾ ಹೋದರೂ ಎಷ್ಟು ಮಾಲು ಸೋರಿತು ಅಂತ ಹೇಳಬಹುದು ಅಲ್ವಾ? ಇದೂ ಹಾಗೇ.

ತೂಕದ ಕಟ್ಟೆ, ದಾವಣಗೆರೆ

ತಮ್ಮಾ, ಎರಡು ಸಲ ಓದಿದೆ. ಸೋರಿದ್ದು ಗೊತ್ತಾಗುತ್ತದೆ, ಒಪ್ಪಿದೆ. ಆದರೆ ಒಂದು ಷರತ್ತು ಇದೆ. ಮಾಲು ಬಿಟ್ಟು ಲಾರಿಯಲ್ಲಿ ಬೇರೇನೂ ಬದಲಾಗಬಾರದು. ಟ್ಯಾಂಕಿಗೆ ಡೀಸೆಲ್ ತುಂಬಿಸಿಕೊಂಡು ಬಂದರೂ ನನ್ನ ಲೆಕ್ಕ ಕೆಡುತ್ತದೆ. ಹಿಮದ ಕೆಳಗಿನ ಭೂಮಿ ಬದಲಾಗಲ್ವಾ?

ಕುಂದುವಾಡ ಕೆರೆ ದಂಡೆ

ಅಣ್ಣ, ನೀವು ಸರಿಯಾಗಿ ನೋವಿರುವ ಜಾಗಕ್ಕೇ ಕೈ ಇಟ್ಟಿರಿ. ಬದಲಾಗುತ್ತದೆ.

ಸುಮಾರು 20,000 ವರ್ಷದ ಹಿಂದೆ ಹಿಮಯುಗದ ಕೊನೆಯಲ್ಲಿ ಹಿಮ ಈಗಿನದಕ್ಕಿಂತ ತುಂಬಾ ದಪ್ಪ ಇತ್ತು. ಆ ಭಾರಕ್ಕೆ ಕೆಳಗಿನ ನೆಲ ಕುಸಿದಿತ್ತು. ಭಾರ ಇಳಿದ ಮೇಲೆ ನೆಲ ನಿಧಾನವಾಗಿ ಮೇಲೇಳುತ್ತಿದೆ, ಇವತ್ತಿಗೂ. ಮೇಲೇಳುವಾಗ ಅಡಿಯಲ್ಲಿ ಬಿಸಿ ಬಂಡೆ ಮೆಲ್ಲಗೆ ಹರಿದು ಬಂದು ಸೇರುತ್ತದೆ, ಭಾರ ಕೂಡುತ್ತದೆ. ಅಂದ್ರೆ ಮೇಲಿಂದ ಮಾಲು ಸೋರುತ್ತಿರುವಾಗ ಕೆಳಗೆ ಟ್ಯಾಂಕ್ ತುಂಬುತ್ತಿದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಂಟಾರ್ಕ್ಟಿಕಾದಲ್ಲಿ ಹೋದ ಹಿಮ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ.

ಹಿಮದ ನಡುವೆ ಅಲ್ಲಲ್ಲಿ ತಲೆ ಎತ್ತಿರುವ ಬಂಡೆಗಳಿಗೆ ಜಿಪಿಎಸ್ ಬಿಗಿದು ನೆಲ ಎಷ್ಟು ಏಳುತ್ತಿದೆ ಅಂತ ಅಳೆಯುತ್ತಾರೆ. ಪಶ್ಚಿಮ ಅಂಟಾರ್ಕ್ಟಿಕಾದ ಅಮಂಡ್ಸನ್ ಸಮುದ್ರದ ದಂಡೆಯಲ್ಲಿ ವರ್ಷಕ್ಕೆ 41 ಮಿಲಿಮೀಟರ್ ಏಳುವ ಜಾಗ ಸಿಕ್ಕಿತು. 2018ರಲ್ಲಿ ಅದು ಪ್ರಕಟವಾಯಿತು. ಅಷ್ಟು ವೇಗವನ್ನು ಯಾರೂ ಅಂದುಕೊಂಡಿರಲಿಲ್ಲ. ಪೂರ್ವ ಅಂಟಾರ್ಕ್ಟಿಕಾದಲ್ಲಿ ಜಿಪಿಎಸ್ ಇಡೋಕೆ ಬಂಡೆಗಳೇ ಕಡಿಮೆ, ಅದಕ್ಕೇ ಅಲ್ಲಿಯ ಅಂಕಿಗಳಲ್ಲಿ ಅನುಮಾನ ಜಾಸ್ತಿ. ಗ್ರೀನ್‌ಲ್ಯಾಂಡ್‌ನಲ್ಲಿ ಈ ತಿದ್ದುಪಡಿ ಚಿಕ್ಕದು, ಅಲ್ಲಿನ ಅಂಕಿ ಗಟ್ಟಿ.

ಹೊಳಲ್ಕೆರೆ ಟೀಚರ್

ಗಿಗಾಟನ್ ಅಂದ್ರೆ ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ. ದೊಡ್ಡವರಿಗೂ ಹತ್ತುವುದಿಲ್ಲ. ನಮ್ಮ ಕಡೆ ನೀರಿನ ಮಾತು ಬಂದರೆ ಟಿಎಂಸಿ. ನಾನು ಕ್ಲಾಸಿನಲ್ಲಿ ಮಾಡಿಸಿದ ಲೆಕ್ಕ ಹಾಕುತ್ತೇನೆ, ನಿಮ್ಮ ಮಗನಿಗೆ ತೋರಿಸಿ.

ಒಂದು ಗಿಗಾಟನ್ ನೀರು ಅಂದ್ರೆ ನೂರು ಕೋಟಿ ಟನ್. ಒಂದು ಕಿಲೋಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿ ತುಂಬುವಷ್ಟು. ಟಿಎಂಸಿಯಲ್ಲಿ 35ಕ್ಕಿಂತ ಸ್ವಲ್ಪ ಜಾಸ್ತಿ. ಹಿರಿಯೂರಿನ ವಾಣಿವಿಲಾಸ ಸಾಗರ ಪೂರ್ತಿ ತುಂಬಿದರೆ ಸುಮಾರು 30 ಟಿಎಂಸಿ. ಅಂದ್ರೆ ನಮ್ಮ ಮಾರಿ ಕಣಿವೆ ಒಂದು ಗಿಗಾಟನ್ನೂ ಇಲ್ಲ, 0.86 ಅಷ್ಟೇ. ಭದ್ರಾ ಡ್ಯಾಂ ತುಂಬಿದರೆ 71 ಟಿಎಂಸಿ ಚಿಲ್ಲರೆ, ಎರಡು ಗಿಗಾಟನ್.

ಗ್ರೀನ್‌ಲ್ಯಾಂಡ್ ವರ್ಷಕ್ಕೆ 270 ಕಳೆದುಕೊಂಡರೆ 300ಕ್ಕೂ ಹೆಚ್ಚು ಮಾರಿ ಕಣಿವೆ. ದಿನದ ಲೆಕ್ಕಕ್ಕೆ ತಂದರೆ 26 ಟಿಎಂಸಿ. ಸುಮಾರು 28 ಗಂಟೆಗೆ ಒಂದು ಮಾರಿ ಕಣಿವೆ ತುಂಬಿ ಸಮುದ್ರಕ್ಕೆ ಹೋದಂತೆ. ನಮ್ಮ ಮಾರಿ ಕಣಿವೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ನೋಡೋಕೆ ಹೋಗಿದ್ದರು. ಈ ಎರಡು ಮಾತನ್ನು ಬೋರ್ಡಿನ ಮೇಲೆ ಒಟ್ಟಿಗೆ ಬರೆದಾಗ ಕ್ಲಾಸ್ ಪೂರ್ತಿ ತಣ್ಣಗಾಯಿತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು "ದಿನಾನಾ ಟೀಚರ್?" ಅಂತ ಕೇಳಿದಳು. ದಿನಾ.

ಇದು ಸರಾಸರಿ. 2019ರಲ್ಲಿ ಗ್ರೀನ್‌ಲ್ಯಾಂಡ್ 532 ಗಿಗಾಟನ್ ಕಳೆದುಕೊಂಡಿತು. ಸುಮಾರು 360 ಗಿಗಾಟನ್ ಸಮುದ್ರ ಸೇರಿದರೆ ಇಡೀ ಭೂಮಿಯ ಸಮುದ್ರ ಒಂದು ಮಿಲಿಮೀಟರ್ ಏರುತ್ತದೆ.

ಹಳೇ ಮಿಲ್ಲಿನ ಹತ್ತಿ

ನಾನು ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದು ರಿಟೈರ್ ಆದವನು. ಈಗ ಟೈಮ್ ಇದೆ, ಇಂಥದ್ದು ಓದುತ್ತಿರುತ್ತೇನೆ. ಲೇಸರ್ ಬೆಳಕು ಹಾಯಿಸಿ ಹಿಮದ ಎತ್ತರ ಅಳೆಯುವ ಉಪಗ್ರಹವೂ ಇದೆ ಅಂತ ಓದಿದ್ದೆ. ಎತ್ತರ ಎಷ್ಟು ಇಳಿಯಿತು ಅಂತ ಗೊತ್ತಾದರೆ ತೂಕಕ್ಕೆ ಅಷ್ಟು ಸಾಕಾಗಲ್ವಾ? ಜೋಡಿ ಉಪಗ್ರಹ ಯಾಕೆ ಬೇಕು?

ಕುಂದುವಾಡ ಕೆರೆ ದಂಡೆ

ಯಜಮಾನರೇ, ಇದರ ಉತ್ತರ ನಿಮ್ಮ ಮಿಲ್ಲಿನಲ್ಲೇ ಇದೆ. ಬಿಡಿ ಹತ್ತಿ ಗೋಡೌನಿನಲ್ಲಿ ಆಳೆತ್ತರ ರಾಶಿ ಬಿದ್ದಿರುತ್ತದೆ. ಅದನ್ನೇ ಪ್ರೆಸ್‌ಗೆ ಹಾಕಿ ಅಂಡಿಗೆ ಕಟ್ಟಿದರೆ ಎಷ್ಟು ಎತ್ತರ ಉಳಿಯುತ್ತದೆ? ತೂಕ ಒಂದು ಗ್ರಾಮೂ ಕಡಿಮೆ ಆಗಿರುವುದಿಲ್ಲ.

ಧ್ರುವದ ಹಿಮವೂ ಹಾಗೇ. ಮೇಲೆ ಬಿದ್ದ ಹೊಸ ಹಿಮ ಬಿಡಿ ಹತ್ತಿ. ಒಂದು ಘನ ಮೀಟರ್‌ಗೆ 300, 350 ಕೆಜಿ. ಅದರ ಮೇಲೆ ವರ್ಷ ವರ್ಷ ಹಿಮ ಬಿದ್ದು ಒತ್ತಿ ಒತ್ತಿ ಕೊನೆಗೆ ಗಟ್ಟಿ ಮಂಜುಗಡ್ಡೆ ಆದಾಗ 917 ಕೆಜಿ. ನಡುವಿನ ಅರ್ಧ ಒತ್ತಿದ ಪದರಕ್ಕೆ ಫರ್ನ್ ಅಂತಾರೆ. ಅಂಟಾರ್ಕ್ಟಿಕಾದಲ್ಲಿ ಅದು ಎಷ್ಟೋ ಕಡೆ 100 ಮೀಟರ್ ಆಳದವರೆಗೂ ಇರುತ್ತದೆ. ಮೇಲ್ಮೈ ಒಂದು ಮೀಟರ್ ಇಳಿಯಿತು ಅಂದ್ರೆ ಹೋದದ್ದು 300 ಕೆಜಿಯೋ, 900 ಕೆಜಿಯೋ, ಅಥವಾ ಏನೂ ಹೋಗದೆ ಬರೀ ಒತ್ತಿಕೊಂಡಿತೋ? ಲೇಸರ್ ಒಂದೇ ಇದ್ದರೆ ಹೇಳೋಕೆ ಆಗುವುದಿಲ್ಲ. ಫರ್ನ್ ಎಷ್ಟು ಒತ್ತಿಕೊಂಡಿರಬೇಕು ಅಂತ ಹವಾಮಾನದ ಮಾದರಿಯಿಂದ ಲೆಕ್ಕ ಹಾಕಿ ಸೇರಿಸಬೇಕು.

ಆದರೂ ಆ ಲೇಸರ್ ಅಳತೆ ಕಡಿಮೆಯದಲ್ಲ. ಐಸ್‌ಸ್ಯಾಟ್-2 ಅಂತ ಹೆಸರು, 2018ರ ಸೆಪ್ಟೆಂಬರ್ 15ರಂದು ಹೋಯಿತು. ಸೆಕೆಂಡಿಗೆ 10,000 ಸಲ ಹಸಿರು ಬೆಳಕಿನ ಮಿಡಿತ ಬಿಡುತ್ತದೆ. ಒಂದೊಂದು ಮಿಡಿತದಲ್ಲೂ ಲಕ್ಷಾಂತರ ಕೋಟಿ ಬೆಳಕಿನ ಕಣ ಇರುತ್ತವೆ, ವಾಪಸ್ ಬಂದು ದುರ್ಬೀನಿಗೆ ಸಿಗುವುದು ಹತ್ತೋ ಹನ್ನೆರಡೋ. ಅವು ಹೋಗಿ ಬಂದ ಸಮಯವನ್ನು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನ ಮಟ್ಟಿಗೆ ಹಿಡಿದು ಎತ್ತರ ಹೇಳುತ್ತಾರೆ. ಹಿಂದಿನ ಐಸ್‌ಸ್ಯಾಟ್ 2003ರಲ್ಲಿ ಅಳೆದ ಜಾಗಗಳನ್ನೇ ಇದು ಅಳೆದದ್ದರ ಜೊತೆ ಹೋಲಿಸಿ 2020ರಲ್ಲಿ ಒಂದು ಲೆಕ್ಕ ಬಂತು. 2003ರಿಂದ 2019ರವರೆಗೆ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ 200 ಗಿಗಾಟನ್, ಅಂಟಾರ್ಕ್ಟಿಕಾ 118 ಗಿಗಾಟನ್ ಕಳೆದುಕೊಂಡವು ಅಂತ.

ಇನ್ನೊಂದು ಲಾಭ ಇದೆ. ಗ್ರೇಸ್‌ನ ಕಣ್ಣು ಮಂಜು. ಸುಮಾರು 300 ಕಿಲೋಮೀಟರ್‌ಗಿಂತ ಸಣ್ಣದು ಅದಕ್ಕೆ ಬಿಡಿಸಿ ಕಾಣುವುದಿಲ್ಲ. ಲೇಸರ್ ಚುಕ್ಕೆ ನೆಲದ ಮೇಲೆ ಹತ್ತು ಹನ್ನೆರಡು ಮೀಟರ್ ಅಗಲ ಅಷ್ಟೇ. ಯಾವ ಹಿಮನದಿ, ಅದರ ಯಾವ ಮಗ್ಗುಲು ಕುಸಿಯುತ್ತಿದೆ ಅಂತ ಇದೇ ಹೇಳಬೇಕು.

ಹಳೇ ಮಿಲ್ಲಿನ ಹತ್ತಿ

ಅಂಡಿಗೆ ಮಾತು ಹೇಳಿದ್ದು ಮನಸ್ಸಿಗೆ ನಾಟಿತು. ನಮ್ಮಲ್ಲಿ ಗೋಡೌನ್ ಎತ್ತರ ನೋಡಿ ಸ್ಟಾಕ್ ಬರೆದವರನ್ನು ಮೇಸ್ತ್ರಿ ಬಿಡುತ್ತಲೇ ಇರಲಿಲ್ಲ. ಮೋಡ ಇದ್ದರೆ ಲೇಸರ್ ಏನು ಮಾಡುತ್ತದೆ?

ಕುಂದುವಾಡ ಕೆರೆ ದಂಡೆ

ದಟ್ಟ ಮೋಡ ಇದ್ದರೆ ಕಾಣುವುದಿಲ್ಲ. ಅದಕ್ಕೆ ರೇಡಾರ್ ಉಪಗ್ರಹ ಇದೆ. ಯುರೋಪಿನ ಕ್ರಯೋಸ್ಯಾಟ್-2 ಬಹಳ ಮುಖ್ಯದ್ದು, 2010ರ ಏಪ್ರಿಲ್‌ನಲ್ಲಿ ಹೋಯಿತು. ಅದರ ಅಣ್ಣ, ಮೊದಲನೇ ಕ್ರಯೋಸ್ಯಾಟ್, 2005ರಲ್ಲಿ ಉಡಾವಣೆಯಲ್ಲೇ ನಾಶವಾಯಿತು. ಅವರು ಕೈ ಚೆಲ್ಲಲಿಲ್ಲ, ಮತ್ತೆ ಕಟ್ಟಿದರು.

ರೇಡಾರ್‌ಗೆ ಮೋಡ ಲೆಕ್ಕಕ್ಕಿಲ್ಲ, ಆದರೆ ಅದರ ತೊಂದರೆ ಬೇರೆ. ಒಣ ಹಿಮದ ಒಳಗೆ ಸ್ವಲ್ಪ ಇಳಿದು ಆಮೇಲೆ ಪ್ರತಿಫಲಿಸುತ್ತದೆ. 2012ರ ಜುಲೈನಲ್ಲಿ ಗ್ರೀನ್‌ಲ್ಯಾಂಡ್‌ನ ಮೇಲ್ಮೈ ಪೂರ್ತಿ ಅನ್ನುವಷ್ಟು ಕರಗಿ ಮತ್ತೆ ಹೆಪ್ಪುಗಟ್ಟಿತು. ಮೇಲೆ ಗಾಜಿನಂಥ ಪದರ ಬಂತು. ಮೊದಲು ಒಳಗಿಳಿಯುತ್ತಿದ್ದ ರೇಡಾರ್ ಈಗ ಮೇಲಿನಿಂದಲೇ ವಾಪಸ್ ಬಂತು. ಪರಿಣಾಮ, ಒಳನಾಡಿನಲ್ಲಿ ಹಿಮ ಅರ್ಧ ಮೀಟರ್ ಏರಿದಂತೆ ಕಾಣಿಸಿತು. ಕರಗಿದ ವರ್ಷದಲ್ಲೇ ಏರಿಕೆ! ಬೇರೆ ಅಳತೆ ಇಲ್ಲದಿದ್ದರೆ ಎಷ್ಟು ದೊಡ್ಡ ಮೋಸ ಆಗುತ್ತಿತ್ತು ನೋಡಿ.

ನಮ್ಮ ಇಸ್ರೋ ಫ್ರಾನ್ಸ್ ಜೊತೆ ಸೇರಿ 2013ರ ಫೆಬ್ರವರಿಯಲ್ಲಿ ಹಾರಿಸಿದ ಸರಳ್ ಉಪಗ್ರಹದ್ದು ಕಾ ಬ್ಯಾಂಡ್ ರೇಡಾರ್, ಅಂದ್ರೆ ಅಲೆ ಚಿಕ್ಕದು. ಅದು ಹಿಮದೊಳಗೆ ಇಳಿಯುವುದು ಕಡಿಮೆ. ಎರಡು ರೇಡಾರ್ ಹೋಲಿಸಿ ಎಷ್ಟು ಇಳಿಯುತ್ತದೆ ಅಂತ ಹೇಳೋಕೆ ಅದರಿಂದ ಅನುಕೂಲ ಆಯಿತು.

ಹರಿಹರ ಹೊಳೆಸಾಲು

ಎಲ್ಲಾ ಓದಿದೆ. ನನಗೆ ಒಂದು ಅನುಮಾನ ಇದೆ, ಜಗಳಕ್ಕೆ ಅಲ್ಲ, ನಿಜವಾಗಿ ತಿಳಿಯೋಕೆ. ಅಂಟಾರ್ಕ್ಟಿಕಾದಲ್ಲಿ ಹಿಮ ಹೆಚ್ಚಾಗುತ್ತಿದೆ ಅಂತ ವಾಟ್ಸಾಪ್‌ನಲ್ಲಿ ಬಂತು, ಉಪಗ್ರಹವೇ ಹೇಳಿದೆ ಅಂತಲೂ ಇತ್ತು. ಸುಳ್ಳಾ? ಇನ್ನೊಂದು ಕಡೆ ಭಾರಿ ಮಂಜುಗಡ್ಡೆ ಒಡೆದು ಹೋಯಿತು ಅಂತ ಬರುತ್ತದೆ. ಯಾವುದನ್ನು ನಂಬಬೇಕು?

ಕುಂದುವಾಡ ಕೆರೆ ದಂಡೆ

ಸುಳ್ಳಲ್ಲ, ಆದರೆ ಅರ್ಧ. 2025ರಲ್ಲಿ ಚೀನಾದ ಸಂಶೋಧಕರು ಗ್ರೇಸ್ ಅಳತೆಗಳಿಂದಲೇ ತೋರಿಸಿದರು, 2021ರಿಂದ 2023ರ ನಡುವೆ ಅಂಟಾರ್ಕ್ಟಿಕಾ ವರ್ಷಕ್ಕೆ ಸುಮಾರು 108 ಗಿಗಾಟನ್ ಗಳಿಸಿತು ಅಂತ. ಕಾರಣ ಅಸಾಮಾನ್ಯ ಹಿಮಪಾತ. 2022ರ ಮಾರ್ಚ್‌ನಲ್ಲಿ ದೂರದ ಬಿಸಿ ಸಮುದ್ರದಿಂದ ತೇವದ ಗಾಳಿ ನುಗ್ಗಿ ಪೂರ್ವ ಅಂಟಾರ್ಕ್ಟಿಕಾದ ನಡುಭಾಗದಲ್ಲಿ ತಾಪಮಾನ ಮಾಮೂಲಿಗಿಂತ 38 ಡಿಗ್ರಿಗೂ ಜಾಸ್ತಿ ಆಗಿತ್ತು. ಬೆಚ್ಚಗಿನ ಗಾಳಿಯಲ್ಲಿ ತೇವ ಜಾಸ್ತಿ, ಹಿಮವೂ ಜಾಸ್ತಿ ಬಿತ್ತು.

ಆದರೆ ಆ ಮೂರು ವರ್ಷದಲ್ಲೂ ಪಶ್ಚಿಮದ ಥ್ವೇಟ್ಸ್, ಪೈನ್ ಐಲ್ಯಾಂಡ್ ಹಿಮನದಿಗಳು ಸಮುದ್ರಕ್ಕೆ ಸುರಿಯುವುದನ್ನು ನಿಲ್ಲಿಸಲಿಲ್ಲ. ಒಂದೆರಡು ವರ್ಷ ಒಳ್ಳೆ ಮಳೆ ಬಂದು ಕೆರೆ ತುಂಬಿತು ಅಂತ ಒಡೆದ ತೂಬು ರಿಪೇರಿ ಆಗಲ್ಲ. 2002ರಿಂದ ಈಚಿನ ಪೂರ್ತಿ ಲೆಕ್ಕದಲ್ಲಿ ಅಂಟಾರ್ಕ್ಟಿಕಾ ವರ್ಷಕ್ಕೆ 130ರಿಂದ 150 ಗಿಗಾಟನ್ ಆಸುಪಾಸು ಕಳೆದುಕೊಂಡಿದೆ.

ಹೊಳಲ್ಕೆರೆ ಟೀಚರ್

ಒಡೆದ ಮಂಜುಗಡ್ಡೆ ಬಗ್ಗೆ ನಾನು ಹೇಳುತ್ತೇನೆ. 2017ರ ಜುಲೈನಲ್ಲಿ ಅಂಟಾರ್ಕ್ಟಿಕಾದ ಲಾರ್ಸನ್ ಸಿ ಚಾಚಿನಿಂದ ಎ68 ಅನ್ನುವ ಗಡ್ಡೆ ಒಡೆಯಿತು. ಚಾಚು ಅಂದ್ರೆ ನೆಲದ ಹಿಮ ಸಮುದ್ರದ ಮೇಲೆ ಚಾಚಿಕೊಂಡು ತೇಲುವ ಭಾಗ. ಸುಮಾರು 5,800 ಚದರ ಕಿಲೋಮೀಟರ್, ಅಂದ್ರೆ ಚಿತ್ರದುರ್ಗ ಜಿಲ್ಲೆಯ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ. ಅದು ಒಡೆಯುವ ಮೊದಲೇ ನೀರಿನ ಮೇಲೆ ತೇಲುತ್ತಿತ್ತು. ತೇಲುವ ಗಡ್ಡೆ ಕರಗಿದರೆ ಸಮುದ್ರ ಏರುವುದಿಲ್ಲ ಅನ್ನುವಷ್ಟೇ. ಲೋಟದ ಜ್ಯೂಸಿನಲ್ಲಿ ಐಸ್ ಕರಗಿದರೆ ಚೆಲ್ಲುತ್ತದಾ? ನೆಲದ ಮೇಲಿನ ಹಿಮ ಇಳಿದು ಬಂದರೆ ಮಾತ್ರ ಏರುತ್ತದೆ. ಆದರೆ ತೇಲುವ ಚಾಚು ಹಿಂದಿನ ಹಿಮನದಿಗೆ ಒಡ್ಡು ಇದ್ದ ಹಾಗೆ. 2002ರಲ್ಲಿ ಲಾರ್ಸನ್ ಬಿ ಪುಡಿಯಾದಾಗ ಅದರ ಹಿಂದಿನ ಹಿಮನದಿಗಳು ಓಟ ಕಿತ್ತವು. ಅದೂ ಉಪಗ್ರಹದಿಂದಲೇ ಗೊತ್ತಾದದ್ದು.

ಚಳ್ಳಕೆರೆ ಬಯಲು

ಊರು ಚಳ್ಳಕೆರೆ, ಕೆಲಸ ಬೆಂಗಳೂರಿನಲ್ಲಿ, ಉಪಗ್ರಹದ ಚಿತ್ರಗಳ ಮೇಲೆ. ಮೂರನೇ ದಾರಿ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಅದೇ ಇಷ್ಟ.

ಅದು ಮಂಡಿಯ ಜಮಾ ಖರ್ಚಿನ ಪುಸ್ತಕ ಇದ್ದ ಹಾಗೆ. ಜಮಾ ಅಂದ್ರೆ ಬಿದ್ದ ಹಿಮ. ಖರ್ಚು ಅಂದ್ರೆ ಕರಗಿ ಹರಿದದ್ದು ಮತ್ತು ಹಿಮನದಿ ಸಮುದ್ರಕ್ಕೆ ತಳ್ಳಿದ್ದು. ತಳ್ಳಿದ್ದು ಎಷ್ಟು ಅಂತ ತಿಳಿಯೋಕೆ ವೇಗ ಬೇಕು, ದಪ್ಪ ಬೇಕು, ಅಗಲ ಬೇಕು. ಹಿಮನದಿ ನಿಂತಂತೆ ಕಾಣುತ್ತದೆ, ಆದರೆ ನಡೆಯುತ್ತಿರುತ್ತದೆ. ಗ್ರೀನ್‌ಲ್ಯಾಂಡ್‌ನ ಯಾಕೋಬ್‌ಶಾವ್ನ್ 2012ರಲ್ಲಿ ವರ್ಷಕ್ಕೆ 17 ಕಿಲೋಮೀಟರ್ ವೇಗ ಮುಟ್ಟಿತ್ತು. ದಿನಕ್ಕೆ 46 ಮೀಟರ್. ಆಮೇಲೆ ಅದರ ಬಾಯಿಗೆ ತಣ್ಣನೆ ಸಮುದ್ರದ ನೀರು ಬಂದದ್ದರಿಂದ 2016ರ ನಂತರ ಕೆಲವು ವರ್ಷ ನಿಧಾನವಾಯಿತು, ದಪ್ಪವೂ ಆಯಿತು. ಹಿಮನದಿಗೆ ಮೇಲಿನ ಬಿಸಿಲಿಗಿಂತ ಕೆಳಗಿನ ಸಮುದ್ರ ಎಷ್ಟು ಮುಖ್ಯ ಅಂತ ಅದರಿಂದ ತಿಳಿಯಿತು.

ವೇಗ ಅಳೆಯೋದು ಹೇಗೆ? ಒಂದೇ ಜಾಗದ ಎರಡು ಚಿತ್ರ ಇಟ್ಟುಕೊಂಡು ಒಂದು ಬಿರುಕು ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ನೋಡುತ್ತೇವೆ. ಇನ್ನೂ ಸೂಕ್ಷ್ಮ ಬೇಕಾದರೆ ರೇಡಾರ್ ಅಲೆಗಳ ವ್ಯತ್ಯಾಸ ನೋಡುತ್ತೇವೆ. ಆ ಚಿತ್ರದಲ್ಲಿ ಬಣ್ಣದ ಉಂಗುರಗಳು ಬರುತ್ತವೆ, ಒಂದೊಂದು ಉಂಗುರ ಕೆಲವು ಸೆಂಟಿಮೀಟರ್ ಚಲನೆ. ಹಿಮನದಿ ಸಮುದ್ರ ಸೇರುವ ಕಡೆ ಆ ಉಂಗುರಗಳು ಒಂದರ ಮೇಲೊಂದು ಒತ್ತೊತ್ತಾಗಿ ಬಂದಿರುತ್ತವೆ, ಸೀರೆ ನೆರಿಗೆ ಹಿಡಿದ ಹಾಗೆ. ಯಾಕೆ ಅಂದ್ರೆ ಅಲ್ಲಿಂದ ಮುಂದೆ ಹಿಮ ನೆಲ ಬಿಟ್ಟು ತೇಲುತ್ತದೆ, ಸಮುದ್ರದ ಉಬ್ಬರಕ್ಕೆ ಏರಿ ಇಳಿಯುತ್ತದೆ. ನೆರಿಗೆ ಎಲ್ಲಿ ಶುರುವೋ ಅಲ್ಲಿಗೆ ನೆಲ ಮುಗಿಯಿತು. ಕಿಲೋಮೀಟರ್ ದಪ್ಪದ ಮಂಜುಗಡ್ಡೆಯ ಅಡಿಯಲ್ಲಿ ಯಾರೂ ಇಳಿಯದೆ, ಹಿಮ ಎಲ್ಲಿ ನೆಲ ಬಿಡುತ್ತದೆ ಅಂತ ಆಕಾಶದಿಂದ ಹೇಳಬಹುದು. ಹೀಗೇ 1992ರಿಂದ 2011ರ ನಡುವೆ ಪೈನ್ ಐಲ್ಯಾಂಡ್‌ನಲ್ಲಿ ಹಿಮ ನೆಲ ಬಿಡುವ ಗೆರೆ 31 ಕಿಲೋಮೀಟರ್, ಥ್ವೇಟ್ಸ್‌ನದು ನಡುಭಾಗದಲ್ಲಿ 14 ಕಿಲೋಮೀಟರ್ ಒಳನಾಡಿಗೆ ಸರಿದದ್ದು ಗೊತ್ತಾಯಿತು. ಆ ಚಿತ್ರ ಮೊದಲ ಸಲ ನನ್ನ ಸ್ಕ್ರೀನಿನಲ್ಲಿ ತೆರೆದ ದಿನ ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ.

ದಪ್ಪ ಮಾತ್ರ ಉಪಗ್ರಹದಿಂದ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೆ ವಿಮಾನದಲ್ಲಿ ರೇಡಾರ್ ಕಟ್ಟಿಕೊಂಡು ಹಾರಬೇಕು. ನಾಸಾ 2009ರಿಂದ 2019ರವರೆಗೆ ಹಾಗೆ ಹಾರಿಸಿತು.

ಈಗ ನಮ್ಮದೂ ದೊಡ್ಡ ಪಾಲಿದೆ. ನಿಸಾರ್, ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು, 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಜಿಎಸ್‌ಎಲ್‌ವಿಯಲ್ಲಿ ಹೋಯಿತು. 12 ಮೀಟರ್ ಅಗಲದ ಛತ್ರಿಯಂಥ ಆಂಟೆನಾ. ಬೇರೆ ಬೇರೆ ಉದ್ದದ ಅಲೆಯ ಎರಡು ರೇಡಾರ್ ಇವೆ, ಎಲ್ ಬ್ಯಾಂಡ್ ನಾಸಾದ್ದು, ಎಸ್ ಬ್ಯಾಂಡ್ ನಮ್ಮದು. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಕತ್ತಲಾಗಲಿ ಮೋಡವಾಗಲಿ ಲೆಕ್ಕಕ್ಕಿಲ್ಲ. ಧ್ರುವದಲ್ಲಿ ತಿಂಗಳುಗಟ್ಟಲೆ ಕತ್ತಲೆ ಇರುವುದರಿಂದ ಇದು ಬಹಳ ದೊಡ್ಡ ಮಾತು. ನಮ್ಮ ತಾಲ್ಲೂಕಿನ ರನ್‌ವೇ ಮೇಲೆ 2023, 2024ರಲ್ಲಿ ಇಸ್ರೋದ ರೆಕ್ಕೆಯ ವಾಹನ ಪುಷ್ಪಕ್ ಇಳಿದಾಗ ಊರಿನ ಹುಡುಗರೆಲ್ಲ ಅದನ್ನೇ ಮಾತಾಡುತ್ತಿದ್ದರು. ನಿಸಾರ್ ಬಗ್ಗೆಯೂ ಅಷ್ಟೇ ಮಾತಾಡಲಿ ಅಂತ ನನಗೆ ಆಸೆ.

ಹಿರಿಯೂರು ಹೊಲ

ಸರ್, ನಾನು ರೈತ. ನಿಮ್ಮ ಗ್ರೇಸ್ ನೀರಿನ ಭಾರವನ್ನೂ ಹಿಡಿಯುತ್ತದಾ? ನಮ್ಮ ಹೊಲದಲ್ಲಿ ಆರು ನೂರು ಅಡಿಗೆ ಇಳಿಸಿದ ಮೂರು ಬೋರ್‌ನಲ್ಲಿ ಎರಡು ಒಣಗಿವೆ. ತೋಟದ ಅರ್ಧ ಅಡಿಕೆ ಕಣ್ಣ ಮುಂದೆ ಹೋಯಿತು. ಎಲ್ಲೋ ಇರುವ ಹಿಮ ತೂಗುವವರು ನಮ್ಮ ಕಾಲ ಕೆಳಗಿನ ನೀರು ಎಷ್ಟಿದೆ ಅಂತ ಹೇಳಬಾರದಾ?

ಕುಂದುವಾಡ ಕೆರೆ ದಂಡೆ

ಹಿಡಿಯುತ್ತದೆ. ಗ್ರೇಸ್‌ಗೆ ಹಿಮ, ನೀರು ಅಂತ ಭೇದ ಇಲ್ಲ, ಭಾರ ಅಷ್ಟೇ. 2009ರಲ್ಲಿ ಇದೇ ಅಳತೆಯಿಂದ ರಾಜಸ್ಥಾನ, ಪಂಜಾಬ್, ಹರಿಯಾಣದ ಅಂತರ್ಜಲ 2002ರಿಂದ 2008ರ ಒಳಗೆ 109 ಘನ ಕಿಲೋಮೀಟರ್ ಖಾಲಿಯಾಗಿದೆ ಅಂತ ಗೊತ್ತಾಯಿತು. ಅದನ್ನು ಬರೆದವರಲ್ಲಿ ಒಬ್ಬರು ಇಸಬೆಲ್ಲಾ ವೆಲಿಕೋನ್ಯಾ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ಹಿಮವನ್ನು ಗ್ರೇಸ್‌ನಿಂದ ತೂಗಿದ ಮೊದಲಿಗರಲ್ಲೂ ಅವರಿದ್ದಾರೆ. ಟಿಎಂಸಿಯಲ್ಲಿ ಹೇಳಿದರೆ ಅದು 3,800ಕ್ಕೂ ಜಾಸ್ತಿ.

ಆದರೆ ನಿಮಗೆ ಸುಳ್ಳು ಆಸೆ ಕೊಡುವುದಿಲ್ಲ. ಅದರ ಕಣ್ಣು ಮಂಜು ಅಂತ ಮೇಲೆ ಹೇಳಿದೆನಲ್ಲ. ಚಿತ್ರದುರ್ಗ ಜಿಲ್ಲೆ ಪೂರ್ತಿ ಸೇರಿದರೂ ಸುಮಾರು 8,400 ಚದರ ಕಿಲೋಮೀಟರ್. ಗ್ರೇಸ್‌ಗೆ ಅದು ಬಿಡಿಯಾಗಿ ಕಾಣುವುದಿಲ್ಲ, ಅಕ್ಕಪಕ್ಕದ ಜಿಲ್ಲೆ, ಆಂಧ್ರ ಎಲ್ಲಾ ಕಲಸಿ ಹೋಗುತ್ತವೆ. ನಿಮ್ಮ ಹೊಲದ ನೀರಿಗೆ ಈಗಲೂ ಬಾವಿಯ ಅಳತೆಯೇ ಗತಿ.

ಹಿರಿಯೂರು ಹೊಲ

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಉಳಿದ ಒಂದು ಬೋರ್‌ಗೆ ಇವತ್ತಿನಿಂದ ದಾರ ಬಿಟ್ಟು ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡುತ್ತೇನೆ. ಪಕ್ಕದ ಹೊಲದವರಿಗೂ ಹೇಳುತ್ತೇನೆ.

ಹರಿಹರ ಹೊಳೆಸಾಲು

ಹಾಗಾದರೆ ಮೂರು ದಾರಿಯಲ್ಲಿ ಮೂರಕ್ಕೂ ಒಂದೊಂದು ಕೊರತೆ. ಗ್ರೇಸ್‌ಗೆ ಕೆಳಗಿನ ನೆಲದ ಕಾಟ. ಲೇಸರ್‌ಗೆ ಬಿಡಿ ಹತ್ತಿಯ ಕಾಟ. ಜಮಾ ಖರ್ಚಿಗೆ ಎಷ್ಟು ಹಿಮ ಬಿತ್ತು ಅನ್ನೋದು ಅಂದಾಜು. ಇವುಗಳಲ್ಲಿ ಯಾವ ಅಂಕಿ ನಿಜ?

ಚಳ್ಳಕೆರೆ ಬಯಲು

ಒಂದೇ ಅಂಕಿ ಹಿಡಿದು ಕೂರಬೇಡಿ. ಮೂರರ ತಪ್ಪೂ ಬೇರೆ ಬೇರೆ ಜಾತಿಯದು. ನೆಲ ಏಳುವುದರಿಂದ ಗ್ರೇಸ್ ಕೆಟ್ಟರೆ ಜಮಾ ಖರ್ಚು ಕೆಡುವುದಿಲ್ಲ. ಹಿಮ ಒತ್ತಿಕೊಂಡದ್ದರಿಂದ ಲೇಸರ್ ಕೆಟ್ಟರೆ ಗ್ರೇಸ್ ಕೆಡುವುದಿಲ್ಲ. ಬೇರೆ ಬೇರೆ ಕಾರಣಕ್ಕೆ ತಪ್ಪಬಹುದಾದ ಮೂರು ಜನ ಒಂದೇ ಮಾತು ಹೇಳಿದರೆ ಆ ಮಾತಿಗೆ ಬಲ ಬರುತ್ತದೆ.

2012ಕ್ಕೆ ಮೊದಲು ಒಬ್ಬೊಬ್ಬರ ಅಂಕಿ ಒಂದೊಂದು ದಿಕ್ಕಿಗಿತ್ತು, ಅಂಟಾರ್ಕ್ಟಿಕಾ ಹೆಚ್ಚುತ್ತಿದೆ ಅನ್ನುವವರೂ ಇದ್ದರು. ಆಗ ಆಂಡ್ರ್ಯೂ ಶೆಫರ್ಡ್ ಮುಂತಾದವರು ಎಲ್ಲಾ ತಂಡಗಳನ್ನು ಕೂರಿಸಿ, ಒಂದೇ ಗಡಿ, ಒಂದೇ ಅವಧಿ ಹಿಡಿದು ಲೆಕ್ಕ ಹೊಂದಿಸಿದರು. ಅದಕ್ಕೆ ಇಂಬಿ ಅಂತಾರೆ. ಅವರ ಲೆಕ್ಕದಲ್ಲಿ ಗ್ರೀನ್‌ಲ್ಯಾಂಡ್ 1992ರಿಂದ 2018ರವರೆಗೆ 3,902 ಗಿಗಾಟನ್, ಹೆಚ್ಚುಕಮ್ಮಿ 342. ಅಂಟಾರ್ಕ್ಟಿಕಾ 1992ರಿಂದ 2017ರವರೆಗೆ 2,720, ಹೆಚ್ಚುಕಮ್ಮಿ 1,390. ಎರಡನೆಯದರ ಹೆಚ್ಚುಕಮ್ಮಿ ಎಷ್ಟು ದೊಡ್ಡದು ನೋಡಿ, ಅದನ್ನು ಅವರು ಮುಚ್ಚಿಡಲಿಲ್ಲ. ಅಂಕಿಯ ಪಕ್ಕದಲ್ಲೇ ಬರೆದಿದ್ದಾರೆ. ವಾಟ್ಸಾಪ್‌ನಲ್ಲಿ ಬರುವಾಗ ಮೊದಲು ಉದುರುವುದೇ ಆ ಎರಡನೇ ಅಂಕಿ.

ತೂಕದ ಕಟ್ಟೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನನ್ನು ಪಕ್ಕ ಕೂರಿಸಿಕೊಂಡು ಎಲ್ಲಾ ಓದಿ ಹೇಳಿದೆ. ಕುಂದುವಾಡದ ತಮ್ಮ ನಾಸಾದ ಫೈಲ್ ಎಲ್ಲಿದೆ ಅಂತ ತೋರಿಸಿದ, ಪುಕ್ಕಟೆ ಸಿಗುತ್ತದೆ. ಮೂರೇ ಕಾಲಂ. ಮೊದಲನೆಯದು ತಾರೀಖು, ಎರಡನೆಯದು ಹಿಮದ ಭಾರ ಎಷ್ಟು ಬದಲಾಯಿತು ಅಂತ, ಮೂರನೆಯದು ಎಷ್ಟು ಹೆಚ್ಚುಕಮ್ಮಿ ಇರಬಹುದು ಅಂತ. ನಮ್ಮ ಕಾಟಾದಲ್ಲೂ 10 ಕೆಜಿ ಆಚೀಚೆ ಇರುತ್ತದೆ, ಆದರೆ ನನ್ನ ಚೀಟಿಯಲ್ಲಿ ಆ ಕಾಲಂ ಇಲ್ಲ. ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ.

ನಿನ್ನೆ ರಾತ್ರಿ ಅವನು ನಾಲ್ಕು ಗ್ರಾಫ್ ಹಾಳೆ ಅಂಟಿಸಿ ಗ್ರೀನ್‌ಲ್ಯಾಂಡ್ ಬರೆದ. ಗೆರೆ ಗರಗಸದ ಹಲ್ಲಿನ ಹಾಗೆ ಇದೆ. ಚಳಿಗಾಲದಲ್ಲಿ ಹಿಮ ಬಿದ್ದು ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಪ್ರತಿ ಸಲ ಏರಿದ್ದಕ್ಕಿಂತ ಇಳಿದದ್ದು ಜಾಸ್ತಿ. 2012ರಲ್ಲಿ, 2019ರಲ್ಲಿ ಜೋರು ಇಳಿತ. ಹಾಳೆಯ ಎಡಗಡೆ ಮೇಲೆ ಶುರುವಾದದ್ದು ಬಲಗಡೆ ತಳಕ್ಕೆ ಬಂದು ಮುಟ್ಟಿತು. ಅವನ ಅಮ್ಮ ಹಿಂದೆ ನಿಂತು ನೋಡಿ "ಇದು ಕೆಳಗೇ ಹೋಗ್ತಿದೆಯಲ್ಲೋ" ಅಂದಳು.

ನಡುವೆ ಖಾಲಿ ಜಾಗ ಬಂತು. ಹಳೇ ಜೋಡಿಗೆ ಬ್ಯಾಟರಿ ಸವೆದ ಮೇಲೆ ಅಲ್ಲಲ್ಲಿ ಒಂದೊಂದು ತಿಂಗಳು ಇಲ್ಲ. 2017ರ ಜುಲೈನಿಂದ 2018ರ ಮೇ ತನಕ ಏನೂ ಇಲ್ಲ, ಹಳೇದು ನಿಂತು ಹೊಸದು ಶುರುವಾಗುವ ತನಕ. ಅವನು ಸ್ಕೇಲ್ ಇಟ್ಟು ಎರಡೂ ಕಡೆ ಸೇರಿಸೋಕೆ ಹೋದ. ನಾನು ಅವನ ಕೈ ಹಿಡಿದೆ. ಕಾಟಾ ಹತ್ತದ ತಿಂಗಳು, ಹೇಗಪ್ಪಾ ಚೀಟಿ ಬರೀತೀಯ ಅಂದೆ. ಅವನು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ ಪೆನ್ಸಿಲ್ ಎತ್ತಿದ. ಹನ್ನೊಂದು ಮನೆ ಖಾಲಿ ಬಿಟ್ಟು, ಹನ್ನೆರಡನೇ ಮನೆಯಲ್ಲಿ ಹೊಸ ಜೋಡಿಯ ಮೊದಲ ಚುಕ್ಕೆ ಇಟ್ಟ.